ನಾಗಲಕ್ಷ್ಮಮ್ಮ ಮತ್ತು ಕೋಲಿನ ಮೇಲಿನ ಚೆಂಡು

ವರ್ತೂರಿನ ನಾಗಲಕ್ಷ್ಮಮ್ಮನ ಬಾಯಿಗೆ ಸಿಕ್ಕದೆ ಉಳಿದದ್ದು ಆ ಊರಿನಲ್ಲಿ ಯಾವುದೂ ಇರಲಿಲ್ಲ. ಸೊಸೆ ಮಾಡುವ ಓಟ್ಸ್ ಉಪ್ಪಿಟ್ಟು, ಬಾಡಿಗೆ ಮನೆಯ ಹುಡುಗಿಯರು ಟೆರೇಸಿನ ಮೇಲೆ ಮಾಡುವ ಯೋಗ, ನಾಯಿಗೆ ಅಂಗಿ ತೊಡಿಸಿ ವಾಕಿಂಗ್ ಕರೆದೊಯ್ಯುವ ಅಪಾರ್ಟ್‌ಮೆಂಟಿನವರು, ಆ ನಾಯಿ ಮಾಡಿದ್ದನ್ನು ಕವರಿನಲ್ಲಿ ಎತ್ತಿಕೊಂಡು ನಡೆಯುವ ಅವರ ಭಯಭಕ್ತಿ, ಎಲ್ಲಕ್ಕೂ ಅವಳ ಹತ್ತಿರ ಒಂದೊಂದು ಮಾತು ಸಿದ್ಧವಾಗಿರುತ್ತಿತ್ತು. "ನಾವು ಸಗಣಿ ಬಾಚುದ್ರೆ ಅಳ್ಳಿ ಗಮಾರ್ರು, ಅವ್ರು ಬಾಚುದ್ರೆ ನಾಗರಿಕ್ರು" ಅನ್ನುವಳು. ಎದುರಿಗಿರುವವರಿಗೆ ನಗಬೇಕೋ ಬೇಡವೋ ತಿಳಿಯುತ್ತಿರಲಿಲ್ಲ, ಯಾಕೆಂದರೆ ಮುಂದಿನ ಮಾತು ಅವರ ಮೇಲೆಯೇ ಬೀಳಬಹುದಾಗಿತ್ತು.

ಹದಿನೇಳನೆಯ ವಯಸ್ಸಿಗೆ ಮಾಲೂರು ಕಡೆಯ ಹಳ್ಳಿಯಿಂದ ಶ್ಯಾಮಣ್ಣನ ಹೆಂಡತಿಯಾಗಿ ಬಂದವಳು ಅವಳು. ಆಗ ಕೆರೆಯ ಕೆಳಗೆ ಗದ್ದೆಯಿತ್ತು, ಕೊಟ್ಟಿಗೆಯಲ್ಲಿ ಹನ್ನೊಂದು ಎಮ್ಮೆಗಳಿದ್ದವು. ಈಗ ಗದ್ದೆಯಿದ್ದ ಜಾಗದಲ್ಲಿ ಹದಿನೆಂಟು ಮಹಡಿಯ ಅಪಾರ್ಟ್‌ಮೆಂಟು ನಿಂತಿದೆ, ಅದಕ್ಕೆ ಯಾರೋ ಪುಣ್ಯಾತ್ಮರು 'ಹಸಿರು ಗದ್ದೆ' ಎಂಬ ಅರ್ಥದ ಇಂಗ್ಲಿಷ್ ಹೆಸರಿಟ್ಟಿದ್ದಾರೆ. ಶ್ಯಾಮಣ್ಣ ತೀರಿಕೊಂಡು ಒಂಬತ್ತು ವರ್ಷವಾಯಿತು. ಮಗ ಶಿವಶಂಕರ್ ಹಿತ್ತಲಿನಲ್ಲಿ ನಾಲ್ಕು ಅಂತಸ್ತು ಎಬ್ಬಿಸಿ ಬಾಡಿಗೆಗೆ ಬಿಟ್ಟಿದ್ದಾನೆ. ತಾಯಿಯ ಹತ್ತಿರ ಅವನು ಬಾಯಿ ಬಿಟ್ಟರೆ ನೀರಿನ ಟ್ಯಾಂಕರಿನ ವಿಷಯ, ಇಲ್ಲವೆ ಯಾವ ಮನೆ ಖಾಲಿಯಾಯಿತು ಎಂಬ ವಿಷಯ. ಸೊಸೆ ದಿವ್ಯಾ ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಒಳ್ಳೆಯ ಹೆಣ್ಣುಮಗಳು, ಆದರೆ "ಅತ್ತೆ, ಊಟ ಆಯ್ತಾ" ಅನ್ನುವಲ್ಲಿಗೆ ಅವಳ ಮಾತೂ ಮುಗಿಯುತ್ತಿತ್ತು.

ಉಳಿದದ್ದು ಎರಡು ಎಮ್ಮೆ, ಒಬ್ಬ ಮೊಮ್ಮಗ. ಮೊಮ್ಮಗನ ಹೆಸರು ಲಿಖಿತ್. ದಿನಾ ಸಂಜೆ ಶಾಲೆಯಿಂದ ಬಂದವನೇ ಕೊಟ್ಟಿಗೆಯಲ್ಲಿ ಬಕೆಟ್ಟು ಬೋರಲು ಹಾಕಿಕೊಂಡು ಕೂರುತ್ತಿದ್ದ. ಅಜ್ಜಿ ಹಾಲು ಕರೆಯುವಷ್ಟು ಹೊತ್ತೂ ಅವನು ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು. ಊರಿಗೆಲ್ಲ ಬೈಗುಳ ಹಂಚುವ ಅದೇ ಬಾಯಿ ಆ ಅರ್ಧ ಗಂಟೆ ಮೆತ್ತಗಾಗುತ್ತಿತ್ತು. ಈ ಲೋಕದಲ್ಲಿ ಕಳೆದುಕೊಂಡೇನು ಎಂದು ಅವಳಿಗೆ ಹೆದರಿಕೆ ಇದ್ದದ್ದು ಈ ಹುಡುಗನನ್ನು ಒಬ್ಬನನ್ನೇ.

ಹೆದರಿಕೆಗೆ ಕಾರಣವೂ ಇತ್ತು. ಹುಡುಗನಿಗೆ ಆರು ವರ್ಷವಿದ್ದಾಗ ಚೆನ್ನಿ ಎಂಬ ಎಮ್ಮೆ ಗಂಡುಕರು ಹಾಕಿತ್ತು. ಲಿಖಿತ್ ಅದಕ್ಕೆ ಬುಲೆಟ್ ಎಂದು ಹೆಸರಿಟ್ಟು, ತನ್ನ ಟವೆಲಿನಲ್ಲಿ ಅದರ ಮೂಗು ಒರೆಸಿ, ಅದರ ಕಿವಿಯಲ್ಲಿ ಶಾಲೆಯ ಗುಟ್ಟುಗಳನ್ನೆಲ್ಲ ಹೇಳುತ್ತಿದ್ದ. ಎಮ್ಮೆ ಸಾಕುವವರಿಗೆ ಗಂಡುಕರು ಅಂದರೆ ಬರೀ ಒಂದು ಬಾಯಿ. ಉಳುವುದಕ್ಕೆ ಹೊಲವಿಲ್ಲ, ಅದು ಕುಡಿದ ಹಾಲು ಅಪಾರ್ಟ್‌ಮೆಂಟಿಗೆ ಕೊಡುವ ಹಾಲಿನಲ್ಲಿ ಕಡಿಮೆಯಾಗುತ್ತದೆ. ಹಾಗೆಂದು ಯಾರೂ ಅದನ್ನು ಕೊಲ್ಲುವುದಿಲ್ಲ. ತಾಯಿಯ ಕೆಚ್ಚಲಿಗೆ ಬಾಯಿ ಎಟುಕದಂತೆ ಹಗ್ಗವನ್ನು ದಿನಕ್ಕೊಂದಿಷ್ಟು ಗಿಡ್ಡ ಮಾಡುತ್ತಾರೆ, ಅಷ್ಟೆ. ದಸರಾ ರಜೆಗೆ ಹುಡುಗ ತಾಯಿಯ ತವರಿಗೆ ಹೋಗಿದ್ದಾಗ ಬುಲೆಟ್ ಎದ್ದು ನಿಲ್ಲಲಾರದೆ ಸತ್ತಿತು. ಕರು ಇಲ್ಲದಿದ್ದರೆ ಎಮ್ಮೆ ಹಾಲು ಇಳಿಸುವುದಿಲ್ಲ. ಅದಕ್ಕೆ ಹಳಬರ ಕಾಲದ ಒಂದು ಉಪಾಯವಿದೆ. ನಾಗಲಕ್ಷ್ಮಮ್ಮ ಕರುವಿನ ಚರ್ಮ ಸುಲಿಸಿ, ಒಣಗಿಸಿ, ಒಳಗೆ ಹುಲ್ಲು ತುಂಬಿ ಹೊಲಿದು, ಚೆನ್ನಿಯ ಮುಂದೆ ನಿಲ್ಲಿಸಿದಳು. ಚೆನ್ನಿ ಮೂಸಿತು, ನೆಕ್ಕಿತು, ಹಾಲು ಬಿಟ್ಟಿತು. "ಎಮ್ಮೆಗೆಷ್ಟು ಬುದ್ಧಿ" ಎಂದು ಆ ದಿನ ಅವಳು ನಕ್ಕಿದ್ದಳು ಕೂಡ.

ರಜೆ ಮುಗಿಸಿ ಬಂದ ಹುಡುಗನಿಗೆ, ಬುಲೆಟ್ಟನ್ನು ತನ್ನ ತವರಿಗೆ ಮೇಯಲು ಕಳಿಸಿದ್ದೇನೆ ಎಂದು ಹೇಳಿದಳು. ಹುಲ್ಲಿನ ಕರುವನ್ನು ಕೊಟ್ಟಿಗೆಯ ಅಟ್ಟದಲ್ಲಿ ಬೂಸಾ ಚೀಲಗಳ ಹಿಂದೆ ಇಟ್ಟು, ಅವನು ಶಾಲೆಗೆ ಹೋದ ಮೇಲೆ ಮಾತ್ರ ಇಳಿಸಿ ಚೆನ್ನಿಯನ್ನು ಕರೆಯುತ್ತಿದ್ದಳು; ಸಂಜೆ ಅವನೆದುರು ಕರೆಯುತ್ತಿದ್ದದ್ದು ಇನ್ನೊಂದು ಎಮ್ಮೆಯನ್ನು. ಹುಡುಗ ಕೇಳಿದ, "ಬುಲೆಟ್ ಹೇಗಿದ್ದಾನೆ ಅಜ್ಜಿ?" ಅವಳು ಹೇಳಿದಳು. ಮಾರನೆಯ ದಿನ ಮತ್ತೆ ಕೇಳಿದ, ಮತ್ತೆ ಹೇಳಿದಳು. ಎರಡು ವರ್ಷ ಕಳೆಯುವಷ್ಟರಲ್ಲಿ ಬುಲೆಟ್ ಮಾಲೂರಿನಲ್ಲಿ ಕೆರೆ ಈಜಿ ದಾಟಿದ್ದ, ಚಿರತೆಯ ಮುಂದೆ ಕಾಲು ಕೆರೆದು ನಿಂತು ಹಿಂಡು ಉಳಿಸಿದ್ದ, ಮಳೆ ಬರುವುದನ್ನು ಮೂರು ದಿನ ಮೊದಲೇ ತಲೆಯಾಡಿಸಿ ತಿಳಿಸುವಷ್ಟು ದೊಡ್ಡವನಾಗಿದ್ದ. ತನ್ನ ಸುಳ್ಳಿನ ಕೈಗುಣದ ಬಗ್ಗೆ ನಾಗಲಕ್ಷ್ಮಮ್ಮನಿಗೆ ಒಳಗೊಳಗೇ ಹೆಮ್ಮೆಯಿತ್ತು. ನಿಜ ತಿಳಿದರೆ ಹುಡುಗ ಇನ್ನು ತನ್ನ ಮುಖ ನೋಡಲಿಕ್ಕಿಲ್ಲ ಎಂಬ ಭಯವೂ ಇತ್ತು.

ಇಂಥ ಮನೆಗೆ ಸಿನಿಮಾ ಬಂತು. ಹಾಲಿಗೆ ಬರುತ್ತಿದ್ದ ಮಲ್ಲಿಕ್ ಎಂಬ ಅಪಾರ್ಟ್‌ಮೆಂಟಿನವನು ಅದನ್ನು ತಂದ. ಧಾರವಾಡದ ಕಡೆಯವನು, ಹಣೆಯಲ್ಲಿ ವಿಭೂತಿ, ಮೊಣಕಾಲ ಹತ್ತಿರ ಹರಿದ ಪ್ಯಾಂಟು. ಹನ್ನೆರಡು ವರ್ಷ ಕಂಪ್ಯೂಟರ್ ಕಂಪನಿಯಲ್ಲಿ ದುಡಿದು, ತನ್ನೊಳಗೆ ಒಂದು ಕತೆಯಿದೆ ಎಂದು ಒಂದು ದಿನ ಹೊಳೆದು ಕೆಲಸ ಬಿಟ್ಟವನು. "ಕತೆ ಏಳಕ್ಕೆ ಕೆಲ್ಸ ಯಾಕಪ್ಪ ಬಿಡ್ಬೇಕು? ನಾನು ಆಲು ಕರೀತಾ ಕರೀತಾನೆ ಏಳಾಕಿಲ್ವಾ?" ಎಂದು ಕೇಳಿದಳು. ಅವನಿಗೆ ಕೋಪ ಬರಲಿಲ್ಲ. ಎಮ್ಮೆಯ ಜೊತೆ ಮಾತಾಡುತ್ತಿದ್ದ ಲಿಖಿತನನ್ನೇ ನೋಡುತ್ತ, "ಅಮ್ಮಾರ, ನನ್ನ ಪಿಚ್ಚರಿಗೆ ಈ ಹುಡುಗನ ಬೇಕ್ರಿ. ಮುನ್ನೂರು ಮಕ್ಕಳನ್ನ ನೋಡೀನಿ, ಎಲ್ಲಾವೂ ಆ್ಯಕ್ಟಿಂಗ್ ಮಾಡ್ತಾವ್ರಿ" ಅಂದ. ಸಿನಿಮಾದಲ್ಲಿ ಆ್ಯಕ್ಟಿಂಗ್ ಮಾಡುವವರು ಬೇಡವಂತೆ. ಇಂಥ ಜಾಣರು ಕಂಪನಿ ಬಿಟ್ಟು ಬಂದದ್ದರಿಂದ ಕಂಪನಿಗೇ ಒಳ್ಳೆಯದಾಗಿರಬೇಕು ಎಂದುಕೊಂಡಳು.

ಕತೆ ಇಷ್ಟು. ಗೆಳೆಯರಿಲ್ಲದ ಒಬ್ಬ ಹುಡುಗ. ಅವನಿಗೆ ವರ್ತೂರು ಕೆರೆಯ ನೊರೆಯೊಳಗೆ ಬುರುಗು ಎಂಬ ಮಾಯದ ಪ್ರಾಣಿಮರಿ ಸಿಗುತ್ತದೆ. ಅದು ಮುಟ್ಟಿದರೆ ಗಾಯ ಮಾಯುತ್ತದೆ, ನಕ್ಕರೆ ದೀಪ ಹತ್ತುತ್ತದೆ. ಕೊನೆಗೆ ಅದು ನೊರೆಗೇ ಮರಳಿ ಹೋಗಬೇಕು, ಹುಡುಗ ಅಳಬೇಕು, ಥಿಯೇಟರಿನವರೂ ಅಳಬೇಕು. ನಾಗಲಕ್ಷ್ಮಮ್ಮ ಎಲ್ಲ ಕೇಳಿ, "ಆ ನೊರೆ ಏನಂತ ಗೊತ್ತೇನಪ್ಪ ನಿಂಗೆ? ಅರ್ಧ ಬೆಂಗ್ಳೂರಿನ ಬಚ್ಚಲು. ಅದ್ರೊಳ್ಗಿಂದ ಉಟ್ಟಿ ಬರಾದು ಸೊಳ್ಳೆ" ಅಂದಳು. ಮಲ್ಲಿಕ್ ಅದನ್ನು ಮೊಬೈಲಿನಲ್ಲಿ ಬರೆದುಕೊಂಡ. ಬೈದರೂ ಬರೆದುಕೊಳ್ಳುವ ಜಾತಿಯವರಿಗೆ ಏನು ಹೇಳಿ ಏನು ಪ್ರಯೋಜನ?

ತಮಾಷೆಯೆಂದರೆ, ನೊರೆ ಬೇಕಾದಾಗ ಕೆರೆಯಲ್ಲಿ ನೊರೆಯೇ ಇರಲಿಲ್ಲ. ರಸ್ತೆಗೆ ಹಾರಿ ಬಂದು ಬೈಕಿನವರ ಮುಖಕ್ಕೆ ಅಂಟುತ್ತಿದ್ದ ಕಾಲದಲ್ಲಿ ಯಾರಿಗೂ ಬೇಡವಾಗಿದ್ದ ನೊರೆ, ಕೆರೆಯ ಹೂಳೆತ್ತಿದ ಮೇಲೆ ಕಡಿಮೆಯಾಗಿತ್ತು. ಹಾಗಾಗಿ ಸೋಪಿನ ನೀರು ತುಂಬಿದ ಒಂದು ಮಿಷನ್ನು ತಂದು, ಕೋಡಿಯ ಹತ್ತಿರ ಬುಸಬುಸ ನೊರೆ ಎಬ್ಬಿಸಿದರು. ಕೊಳಕು ಕೆರೆಗೆ ಕಾಸು ಕೊಟ್ಟು ಕೊಳೆ ಬಳಿಯುವವರನ್ನು ಅವಳು ತನ್ನ ಅರವತ್ತಮೂರು ವರ್ಷದಲ್ಲಿ ಅದೇ ಮೊದಲು ನೋಡಿದ್ದು. ಮಗ ಸೊಸೆ ಇಬ್ಬರಿಗೂ ಕೆಲಸವಿದ್ದುದರಿಂದ ಹುಡುಗನ ಜೊತೆ ಶೂಟಿಂಗಿಗೆ ಹೋಗಿ ಕೂರುವ ಪಾಳಿ ಅಜ್ಜಿಯದಾಯಿತು. ಪ್ಲಾಸ್ಟಿಕ್ ಕುರ್ಚಿ, ತಲೆಯ ಮೇಲೆ ದೊಡ್ಡ ಕೊಡೆ, ಗಂಟೆಗೊಂದು ಪೇಪರ್ ಕಪ್ಪಿನ ಟೀ. ಆ ಟೀಯನ್ನೂ ಅವಳು ಬಿಡಲಿಲ್ಲ. "ಎಮ್ಮೆ ಮೈ ತೊಳ್ದ ನೀರು ಇದ್ಕಿಂತ ಗಟ್ಟಿಯಾಗಿರ್ತದೆ" ಅಂದಳು.

ಬುರುಗು ಎಲ್ಲಿ ಎಂದು ಮೊದಲ ದಿನ ಹುಡುಕಿದಳು. ಪಂಜರದಲ್ಲಿ ತರುತ್ತಾರೋ, ಗೊಂಬೆಯೋ ಎಂದು. ಲಾವಣ್ಯ ಎಂಬ ಸಹಾಯಕಿ ಒಂದು ಉದ್ದ ಕೋಲು ಹಿಡಿದು ಬಂದಳು. ಕೋಲಿನ ತುದಿಗೆ ಹಸಿರು ಬಣ್ಣದ ಟೆನಿಸ್ ಚೆಂಡು.

"ಇದೇನಮ್ಮಿ?"

"ಇದೇ ಬುರುಗು, ಅಜ್ಜಿ. ಆಮೇಲೆ ಗ್ರಾಫಿಕ್ಸಲ್ಲಿ ಪ್ರಾಣಿ ಬರುತ್ತೆ. ಈಗ ಲಿಖಿತ್ ಈ ಬಾಲ್ ನೋಡ್ಕೊಂಡು ಮಾತಾಡ್ಬೇಕು."

"ಇದ್ನ ನೋಡ್ಕಂಡು ಅಳ್ಬೇಕಾ?"

"ಹೂಂ ಅಜ್ಜಿ."

ನಾಗಲಕ್ಷ್ಮಮ್ಮ ಚೆಂಡನ್ನು ನೋಡಿದಳು, ಲಾವಣ್ಯಳನ್ನು ನೋಡಿದಳು. ಓದಿದ ಹುಡುಗಿ, ಕನ್ನಡಕ ಹಾಕಿಕೊಂಡವಳು, ತಾಯಿ ತಂದೆ ಎಷ್ಟು ಕಷ್ಟಪಟ್ಟು ಕಾಲೇಜಿಗೆ ಕಳಿಸಿದ್ದರೋ ಏನೋ. "ಒಳ್ಳೆ ಉದ್ಯೋಗ ಕಣಮ್ಮಿ, ಬಿಡ್ಬೇಡ" ಅಂದಳು.

ಲಿಖಿತ್ ನಗುವ ಸೀನು ಮಾಡಿದ, ಓಡುವ ಸೀನು ಮಾಡಿದ, ಚೆಂಡಿಗೆ ಇಡ್ಲಿ ತಿನ್ನಿಸುವ ಸೀನೂ ಮಾಡಿದ. ಅವನು ನಿಲ್ಲಬೇಕಾದ ಜಾಗಕ್ಕೆ ನೆಲದಲ್ಲಿ ಕೆಂಪು ಟೇಪು ಅಂಟಿಸುತ್ತಿದ್ದರು. ಅದಕ್ಕೆ ಮಾರ್ಕ್ ಎನ್ನುತ್ತಾರೆ. ಮಾರ್ಕ್ ಬಿಟ್ಟು ಅರ್ಧ ಅಡಿ ಆಚೀಚೆಯಾದರೂ ಮಲ್ಲಿಕ್ "ಕಟ್" ಅನ್ನುವನು, ಎಲ್ಲ ಮೊದಲಿನಿಂದ. ಎಂಟು ವರ್ಷದ ಹುಡುಗ ನೆಟ್ಟ ಗೂಟದಂತೆ ನಿಲ್ಲುವುದನ್ನು ಕಲಿತ. ಆದರೆ ಅಳುವ ದಿನ ಬಂದಾಗ ಅಳು ಬರಲಿಲ್ಲ.

ಮಲ್ಲಿಕ್ ಹೆಡ್‌ಫೋನ್ ಹಾಕಿ ಪಿಟೀಲು ಕೇಳಿಸಿದ. ಬಗ್ಗಿ ಕೂತು, "ಪುಟ್ಟಾ, ನಿನ್ನ ಲೈಫಿನಾಗ ಭಾಳ ಸ್ಯಾಡ್ ಆಗಿದ್ದು ಏನರ ನೆನಸ್ಕೊ" ಅಂದ. ಲಿಖಿತ್ ಚೆಂಡನ್ನೇ ನೋಡಿ ನೋಡಿ, "ಸರ್, ಅದು ಚೆಂಡು" ಅಂದ. ಗ್ಲಿಸರಿನ್ ಹಾಕಿದರು, ಕಣ್ಣು ಟೊಮೆಟೊ ಹಣ್ಣಿನ ಹಾಗೆ ಊದಿಕೊಂಡಿತು. ಆಮೇಲೆ ಮಲ್ಲಿಕನೇ, ಗ್ಲಿಸರಿನ್ ಕಣ್ಣೀರು ಸುಳ್ಳು ಕಣ್ಣೀರು, ತನಗೆ ನಿಜವಾದ ಭಾವನೆ ಬೇಕು ಅಂದ. ಸೋಪಿನ ನೊರೆ ಎಬ್ಬಿಸಿ, ಚೆಂಡನ್ನು ಪ್ರಾಣಿಯೆಂದು ಕರೆದು, ಈಗ ನಿಜ ಬೇಕಂತೆ ಈ ಮಹಾರಾಯನಿಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾಗಲಕ್ಷ್ಮಮ್ಮ ಎಲ್ಲರಿಗೂ ಕೇಳುವಂತೆಯೇ ಹೇಳಿದಳು.

ಎರಡು ದಿನ ಹೀಗೇ ಕಳೆಯಿತು. ಎರಡನೆಯ ದಿನ ಸಂಜೆ ಮಲ್ಲಿಕ್ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ. ಹೆಬ್ಬಗೋಡಿಯಲ್ಲಿ ಒಬ್ಬ ಹುಡುಗನಿದ್ದಾನೆ, ಜಾಹೀರಾತಿನಲ್ಲಿ ಮಾಡಿದ ಅನುಭವವಿದೆ, ಒಂದು ಎರಡು ಮೂರು ಎಣಿಸುವಷ್ಟರಲ್ಲಿ ಕಣ್ಣೀರು ಹಾಕುತ್ತಾನೆ, ನಾಳೆ ಒಂದು ದಿನ ನೋಡಿ ಅವನನ್ನೇ ಕರೆಸಿ ಎಲ್ಲ ಹೊಸದಾಗಿ ತೆಗೆಯೋಣ ಎಂದು. ಪಕ್ಕದಲ್ಲೇ ಬಿಸ್ಕತ್ತು ತಿನ್ನುತ್ತಿದ್ದ ಲಿಖಿತನಿಗೆ ಅದು ಕೇಳಿಸಿತು.

ಮನೆಗೆ ಬಂದು ಬಕೆಟ್ಟಿನ ಮೇಲೆ ಕೂತವನು ಆ ದಿನ ಬುಲೆಟ್ಟಿನ ಸುದ್ದಿ ಕೇಳಲಿಲ್ಲ. "ಅಜ್ಜಿ, ನಂಗೆ ಅಳಕ್ಕೂ ಬರಲ್ವಾ?" ಅಂದ. ಊಟ ಮುಟ್ಟಲಿಲ್ಲ.

ನಿಜಕ್ಕೂ ನಾಗಲಕ್ಷ್ಮಮ್ಮನಿಗೆ ಸಂತೋಷವಾಗಬೇಕಿತ್ತು. ಪೀಡೆ ತೊಲಗಿತು, ಹುಡುಗ ಕೊಟ್ಟಿಗೆಗೆ ವಾಪಸ್ ಬಂದ ಎಂದು ತೆಂಗಿನಕಾಯಿ ಒಡೆಯಬೇಕಿತ್ತು. ಆದರೆ ಆಗಲಿಲ್ಲ. ತನ್ನ ಮೊಮ್ಮಗನಿಗೆ ಒಂದು ಕೆಲಸ ಬರುವುದಿಲ್ಲವೆಂದು, ಕೋಲಿಗೆ ಚೆಂಡು ಕಟ್ಟಿಕೊಂಡು ತಿರುಗುವ ಈ ಅವಿವೇಕಿಗಳು ಹೇಳುವುದೇ? ಆ ಹೆಬ್ಬಗೋಡಿಯ ಅಳುಬುರುಕ ಬಂದು ಇವನ ಜಾಗದಲ್ಲಿ ನಿಲ್ಲುವುದೇ? ಹಾಲು ಕರೆಯುತ್ತಲೇ ಅವಳ ತಲೆ ಓಡಿತು. ಅಳು ಬರಲಿ ಎಂದರೆ ಬರುವುದಿಲ್ಲ, ಇಳಿಯಬೇಕು. ಎಮ್ಮೆ ಯಾವುದೋ ಗೊಂಬೆಯನ್ನು ನೋಡಿ ಹಾಲು ಇಳಿಸುವುದಿಲ್ಲ. ತನ್ನದೇ ಕರುವಿನ ಚರ್ಮ ಬೇಕು, ಅದರದೇ ವಾಸನೆ ಬೇಕು. ಈ ಮೂರ್ಖರು ಹುಡುಗನ ಮುಂದೆ ಯಾರದೋ ಕರುವನ್ನು ನಿಲ್ಲಿಸಿದ್ದಾರೆ. ಅವನ ಕರು ಯಾವುದೆಂದು ಅವಳಿಗೆ ಮಾತ್ರ ಗೊತ್ತು.

ಎಮ್ಮೆಯನ್ನು ಕರೆದ ಕೈಯಲ್ಲೇ ಮಗುವನ್ನೂ ಕರೆಯಬಹುದು ಎಂದುಕೊಂಡಳಲ್ಲ, ಅವಳೂ ಆ ಮಲ್ಲಿಕನಿಗಿಂತ ಹೆಚ್ಚೇನಲ್ಲ. ಆದರೆ ಆಗ ಹಾಗೆ ತೋಚಲಿಲ್ಲ. ಒಂದೇ ಯೋಚನೆ ಮತ್ತೆ ಮತ್ತೆ ಬರುತ್ತಿತ್ತು. ಹೇಳಿದರೆ ಹುಡುಗ ಅಳುತ್ತಾನೆ, ಗೆಲ್ಲುತ್ತಾನೆ. ಆಮೇಲೆ ತನ್ನ ಹತ್ತಿರ ಬಕೆಟ್ಟು ಹಾಕಿಕೊಂಡು ಕೂರುತ್ತಾನೋ ಇಲ್ಲವೋ.

ಮಾರನೆಯ ಬೆಳಿಗ್ಗೆ ಕೋಡಿಯ ಹತ್ತಿರ ಹೋದವಳೇ ಮಲ್ಲಿಕನಿಗೆ ಹೇಳಿದಳು: "ಆ ಉಡುಗಿ ಕೈಲಿರೋ ಕೋಲು ಮಡಗ್ಸು. ಚೆಂಡಿರೋ ಜಾಗ್ದಲ್ಲಿ ನಾನು ಕೂತ್ಕತೀನಿ. ನಿನ್ ಮಿಷನ್ನು ಶುರು ಮಾಡಿ ಬಾಯಿ ಮುಚ್ಕಂಡು ಇರು."

ಮುಳುಗುವವನಿಗೆ ಹುಲ್ಲುಕಡ್ಡಿ. ಮಲ್ಲಿಕ್ ಒಪ್ಪಿದ. ಆಮೇಲೆ ಗ್ರಾಫಿಕ್ಸಿನಲ್ಲಿ ಅಳಿಸಲು ಸುಲಭವಾಗಲಿ ಎಂದು ಅವಳಿಗೆ ತಲೆಯಿಂದ ಕಾಲಿನವರೆಗೆ ಹಸಿರು ಬಟ್ಟೆ ಹೊದಿಸಿ, ಮುಖ ಮಾತ್ರ ಬಿಟ್ಟು, ಸ್ಟೂಲಿನ ಮೇಲೆ ಕೂರಿಸಿದರು. ಊರಿಗೆಲ್ಲ ಹೆಸರಿಡುತ್ತಿದ್ದ ನಾಗಲಕ್ಷ್ಮಮ್ಮ ಸೋಪಿನ ನೊರೆಯ ಮಧ್ಯೆ ಹಸಿರು ಮೂಟೆಯಾಗಿ ಕೂತಳು. ಅವಳು ಬಾಯಿ ಮಾಡದೆ ಇದನ್ನೆಲ್ಲ ಮಾಡಿಸಿಕೊಂಡದ್ದು ನೋಡಿ ಲಾವಣ್ಯಳಿಗೇ ಗಾಬರಿಯಾಯಿತು. ಲಿಖಿತ್ ಎಂಟು ಹೆಜ್ಜೆ ದೂರದಲ್ಲಿ ಕೆಂಪು ಟೇಪಿನ ಮೇಲೆ ನಿಂತ. ಅವನ ಅಂಗಿಯೊಳಗೆ ಸಣ್ಣ ಮೈಕಿತ್ತು. ಕ್ಯಾಮೆರಾ ಓಡತೊಡಗಿತು.

"ಲಿಖಿತಪ್ಪಾ, ಒಂದ್ ಮಾತು ಏಳ್ಬೇಕು."

"ಹೇಳು ಅಜ್ಜಿ."

"ಬುಲೆಟ್ಟು ಮಾಲೂರಲ್ಲಿಲ್ಲ ಕಣಪ್ಪ. ಸತ್ತೋಗದೆ."

ಹುಡುಗ ಅಳಲಿಲ್ಲ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಗೊತ್ತು ಅಜ್ಜಿ" ಅಂದ.

"ಏನ್ ಗೊತ್ತು?"

"ಅಟ್ಟದಲ್ಲಿ ನೋಡಿದ್ದೆ. ಒಳಗೆ ಹುಲ್ಲಿತ್ತು. ನಾನು ಫಸ್ಟ್ ಸ್ಟ್ಯಾಂಡರ್ಡ್‌ನಲ್ಲಿದ್ದಾಗ."

"ಮತ್ತೆ ದಿನಾ ಕೇಳ್ತಿದ್ಯಲ್ಲೋ, ಎಂಗವ್ನೆ ಅಂತ?"

"ನೀನು ಚೆನ್ನಾಗಿ ಹೇಳ್ತಿದ್ದೆ. ಆಮೇಲೆ, ಕೇಳದೆ ಇದ್ರೆ ನಂಗೆ ಗೊತ್ತಾಗಿದೆ ಅಂತ ನಿಂಗೆ ಬೇಜಾರಾಗುತ್ತಲ್ಲ."

ಎರಡು ವರ್ಷ ಕೆರೆ ಈಜಿದ್ದು, ಚಿರತೆ ಓಡಿಸಿದ್ದು, ಮಳೆ ತಿಳಿಸಿದ್ದು, ಎಲ್ಲವನ್ನೂ ಈ ಹುಡುಗ ಗೊತ್ತಿದ್ದೇ ಕೇಳಿಸಿಕೊಂಡಿದ್ದ. ಎಮ್ಮೆಗೆಷ್ಟು ಬುದ್ಧಿ ಎಂದು ನಕ್ಕವಳು ತಾನು. ಅವನನ್ನು ಅಳಿಸಬೇಕೆಂದು ಬಂದದ್ದು, ಕ್ಯಾಮೆರಾ, ಹೆಬ್ಬಗೋಡಿಯ ಹುಡುಗ, ಎಲ್ಲ ಮರೆತೇ ಹೋಯಿತು. ಇಷ್ಟು ತಿಳಿದವನಿಗೆ ಉಳಿದದ್ದನ್ನೂ ಹೇಳದಿದ್ದರೆ ತಾನು ಮನುಷ್ಯಳೇ ಅಲ್ಲ ಅನಿಸಿತು.

"ಎಂಗೆ ಸತ್ತ ಅಂತ ಗೊತ್ತೇನಪ್ಪ? ರೋಗ ಬಂದಲ್ಲ. ನಾನೇ ಆಲು ಬಿಡ್ಲಿಲ್ಲ. ಅಗ್ಗ ಗಿಡ್ಡ ಮಾಡಿ ಕಟ್ದೆ. ಅಂಬಾ ಅಂತ ನನ್ನೇ ನೋಡ್ತಿತ್ತು. ನಾನು ಆಲು ಕರ್ಕಂಡು ಕ್ಯಾನಿಗೆ ಉಯ್ದೆ. ನಾನೇ ಸಾಯ್ಸಿದ್ದು ಕಣಪ್ಪ ನಿನ್ ಬುಲೆಟ್ನ."

ಅಷ್ಟೇ ಅವಳಿಂದಾದದ್ದು. ಗಂಡ ಸತ್ತಾಗಲೂ ಜನರ ಮುಂದೆ ಅಳದವಳು ಆ ಹಸಿರು ಬಟ್ಟೆಯ ತುದಿಯನ್ನು ಮುಖದ ಮೇಲೆ ಎಳೆದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಹುಡುಗ ಏನು ಮಾಡಿದ, ಅವನ ಮುಖ ಹೇಗಾಯಿತು, ಒಂದೂ ಅವಳಿಗೆ ಕಾಣಲಿಲ್ಲ. ಕಿವಿಗೆ ಮಾತ್ರ ಅವನು ಅಳುವುದು ಕೇಳಿಸಿತು. ಆ ಅಳು ಬುಲೆಟ್ಟಿಗೋ, ತನ್ನ ಮೇಲಿನ ಹೇಸಿಗೆಗೋ ತಿಳಿಯಲಿಲ್ಲ. ದೂರದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಸೌಂಡಿನವನು ಹೆಡ್‌ಫೋನ್ ತೆಗೆದಿಟ್ಟು ನೆಲ ನೋಡುತ್ತಿದ್ದ.

"ಕಟ್" ಅಂದ ಮಲ್ಲಿಕ್. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಓಡಿ ಬಂದು, "ಅಮ್ಮಾರ, ಅದ್ಭುತ ಬಂತ್ರಿ. ಸೇಫ್ಟಿಗೆ ಅಂತ ಇನ್ನೊಂದು ಸಲ ಮಾಡೋಣೇನ್ರಿ?" ಅಂದ.

"ನಿನ್ ಸೇಫ್ಟಿ ಮನೆ ಆಳಾಗ" ಎಂದು ಅವಳು ಬಟ್ಟೆ ಕಿತ್ತೆಸೆದು ಎದ್ದಳು. ಅಷ್ಟರಲ್ಲಿ ಹುಡುಗನನ್ನು ಎತ್ತಿಕೊಂಡು ಕುಣಿಯುತ್ತ ಯಾರೋ ಐಸ್‌ಕ್ರೀಮ್ ಕೊಡಿಸಲು ಕರೆದುಕೊಂಡು ಹೋಗಿದ್ದರು.

ಆಮೇಲೆ ಒಂದು ವರ್ಷ ನಾಗಲಕ್ಷ್ಮಮ್ಮನ ಬದುಕು ಕಳ್ಳಿಯ ಬದುಕಾಯಿತು. ಹುಡುಗ ಏನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅವನು ಸಂಜೆ ಕೊಟ್ಟಿಗೆಗೆ ಬರುತ್ತಿದ್ದ, ಆದರೆ ಒಂದು ದಿನ ಬಿಟ್ಟು ಒಂದು ದಿನ. ಮಾಲೂರಿನ ಮಾತು ಎತ್ತಲಿಲ್ಲ. ಅವಳ ಪಕ್ಕ ಮಲಗುವುದನ್ನು ಬಿಟ್ಟು ತನ್ನ ಕೋಣೆಯಲ್ಲಿ 'ನಾನೊಬ್ನೇ ಮಲಗ್ತೀನಿ' ಅಂದ. "ದೊಡ್ಡವನಾದ ಅತ್ತೆ" ಎಂದು ದಿವ್ಯಾ ನಕ್ಕಳು. ದೊಡ್ಡವನಾದದ್ದಲ್ಲ, ದೂರವಾದದ್ದು ಎಂದು ಅಜ್ಜಿಗೆ ಖಾತ್ರಿಯಿತ್ತು. ಆ ವರ್ಷ ಇನ್ನೊಂದು ಎಮ್ಮೆ ಗಂಡುಕರು ಹಾಕಿದಾಗ ಅವಳು ಅದರ ಹಗ್ಗವನ್ನೇ ಕಟ್ಟಲಿಲ್ಲ. ಕರು ಕುಡಿದು ಮಿಕ್ಕಿದ್ದನ್ನು ಕರೆದಳು. ಹಾಲು ಕಡಿಮೆಯಾಯಿತೆಂದು ದೂರು ತಂದ ಅಪಾರ್ಟ್‌ಮೆಂಟಿನವರಿಗೆ, "ನಿಮ್ ಮೊಲೆ ಇದ್ರೆ ಕರ್ಕಳಿ" ಎಂದು ಬಾಗಿಲು ಹಾಕಿದಳು. ಲಿಖಿತ್ ಅದನ್ನು ನೋಡಿದನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಬೇಸಿಗೆ ರಜೆಗೆ ಸಿನಿಮಾ ಬಂತು. ವೈಟ್‌ಫೀಲ್ಡಿನ ಮಾಲಿನಲ್ಲಿ ಮೊದಲ ಆಟ. ಬರುವುದಿಲ್ಲ ಅಂದಳು. ಲಿಖಿತ್ ಕೈ ಹಿಡಿದು ಎಳೆದ, ಬಂದಳು. ಜೋಳದ ಅರಳನ್ನು ಬಕೆಟ್ಟಿನಲ್ಲಿ ಕೊಡುವುದು, ಸೀಟು ಗುಂಡಿ ಒತ್ತಿದರೆ ಮಲಗುವುದು, ಎಲ್ಲಕ್ಕೂ ಒಂದೊಂದು ಮಾತು ಬಿತ್ತು. ತೆರೆಯ ಮೇಲೆ ಬುರುಗು ಬಂದಾಗ ಇನ್ನೂ ಒಂದು. ಬೆಕ್ಕಿನ ಮುಖ, ಹಲ್ಲಿಯ ಬಾಲ, ಮೈಯೆಲ್ಲ ನೊರೆ. ಅದು ನಕ್ಕು ಟ್ಯೂಬ್‌ಲೈಟು ಹತ್ತಿಸಿದಾಗ ಇಡೀ ಥಿಯೇಟರಿನ ಮಕ್ಕಳು ಕಿರುಚಿದರು. "ಕರೆಂಟಿನವ್ರಿಗೆ ಇದೊಂದು ಸಿಕ್ಕಿದ್ರೆ ಸಾಕಿತ್ತು" ಅಂದಳು. ಹಿಂದಿನ ಸೀಟಿನವರು ಶ್ ಅಂದರು.

ಕೊನೆಯ ಸೀನು ಬಂತು.

ನೊರೆಯ ಮಧ್ಯೆ ಸ್ಟೂಲೂ ಇಲ್ಲ, ಹಸಿರು ಮೂಟೆಯೂ ಇಲ್ಲ. ಅವಳು ಕೂತಿದ್ದ ಜಾಗದಲ್ಲಿ ಬುರುಗು ತಲೆ ತಗ್ಗಿಸಿ ಕೂತಿತ್ತು. ಅವಳ ಮಾತುಗಳಿರಲಿಲ್ಲ, ಪಿಟೀಲು ಇತ್ತು. ತೆರೆಯ ತುಂಬ ಲಿಖಿತನ ಮುಖ. ಮೊದಲು ಒಣಗಿದ್ದ ಕಣ್ಣು ನಿಧಾನವಾಗಿ ತುಂಬಿತು. ಹೇಸಿಗೆಗಾಗಿ ಅವಳು ಹುಡುಕಿದಳು. ಒಂದು ವರ್ಷ ಅದನ್ನೇ ನೋಡುತ್ತೇನೆಂದು ಹೆದರಿಕೊಂಡಿದ್ದವಳು, ಈಗ ತೆರೆಯ ಮೂಲೆ ಮೂಲೆ ಹುಡುಕಿದಳು. ಸಿಗಲಿಲ್ಲ. ಹುಡುಗನ ಬಲಗೈ ಮೇಲೆದ್ದು, ಬೆರಳು ಬಿಡಿಸಿಕೊಂಡು, ಅವಳ ಕಡೆಗೆ ಚಾಚಿತು. ಎಷ್ಟು ಚಾಚಬಹುದೋ ಅಷ್ಟೂ ಚಾಚಿ, ಮೈ ಮುಂದಕ್ಕೆ ವಾಲಿ, ಕಾಲು ಮಾತ್ರ ಕದಲದೆ, ಹಾಗೆಯೇ ನಿಂತಿತು. ಗ್ರಾಫಿಕ್ಸಿನ ಬುರುಗು ಎದ್ದು ಬಂದು ಆ ಕೈಗೆ ತನ್ನ ಕೆನ್ನೆ ಒತ್ತಿತು. ಥಿಯೇಟರಿನಲ್ಲಿ ಸುತ್ತಲೂ ಮೂಗೊರೆಸುವ ಸದ್ದು.

ಆವತ್ತು ಅವಳು ಮುಖ ಮುಚ್ಚಿಕೊಂಡಿದ್ದಳು. ಆ ಕೈಯನ್ನು ಅವಳು ನೋಡಿರಲೇ ಇಲ್ಲ.

"ಲಿಖಿತಪ್ಪಾ" ಎಂದು ಪಿಸುಗುಟ್ಟಿದಳು. "ಕೈ ಚಾಚು ಅಂತ ಅವ್ರು ಏಳ್ಕೊಟ್ಟಿದ್ರಾ?"

"ಇಲ್ಲ. ನೀನು ಅಳ್ತಿದ್ದೆ."

"ನಾನು ಬುಲೆಟ್ಗೆ ಅಂಗ್ ಮಾಡ್ದೋಳು ಕಣೋ."

"ಅದು ತಪ್ಪೇ ಅಜ್ಜಿ" ಅಂದ. "ಆದ್ರೆ ನೀನು ಅಳ್ತಿದ್ಯಲ್ಲ."

"ಮತ್ತೆ ಅತ್ರ ಬರ್ಲಿಲ್ವಲ್ಲಪ್ಪ ನೀನು."

"ಮಾರ್ಕ್ ಬಿಟ್ಟು ಬಂದ್ರೆ ಕಟ್ ಅಂತಿದ್ರು. ಮೊದಲಿಂದ ಮಾಡ್ಬೇಕಾಗ್ತಿತ್ತು. ನೀನು ಇನ್ನೊಂದ್ಸಲ ಅಳ್ಬೇಕಾಗ್ತಿತ್ತು. ಅದಕ್ಕೆ ಅಲ್ಲೇ ನಿಂತ್ಕೊಂಡೆ."

ತೆರೆಯ ಮೇಲೆ ಹೆಸರುಗಳು ಏರತೊಡಗಿದವು, ದೀಪ ಹತ್ತಿತು, ಜನ ಕಣ್ಣೊರೆಸಿಕೊಂಡು ಏಳತೊಡಗಿದರು. ನಾಗಲಕ್ಷ್ಮಮ್ಮ ಏಳಲಿಲ್ಲ. ಜೋಳದ ಅರಳಿನ ಉಪ್ಪು ಅಂಟಿದ್ದ ಹುಡುಗನ ಬಲಗೈಯನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡು ಕೂತಳು.